ಇಬ್ಬರ ಹರಕೆ

ತಾಯಂದಿರ ದಿನ ಬಂತೆಂದರೆ ಥಾಯ್ಲೆಂಡಿನ ರಾಚಬುರಿಯ ತಾಯಂದಿರಿಗೆಲ್ಲ ಒಂದೇ ಹೊತ್ತಿಗೆ ಹಸಿವಾಗುತ್ತದೆ. ವರ್ಷವೆಲ್ಲ ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡವರನ್ನು ಅವತ್ತು ಮಕ್ಕಳು ಕಾರಿನಲ್ಲಿ ಕೂರಿಸಿಕೊಂಡು, ಎದೆಗೊಂದು ಮಲ್ಲಿಗೆ ಸಿಕ್ಕಿಸಿ, ಯಾವುದಾದರೂ ಹೋಟೆಲಿನ ಬಾಗಿಲಲ್ಲಿ ಮುಕ್ಕಾಲು ಗಂಟೆ ಬಿಸಿಲಿಗೆ ನಿಲ್ಲಿಸುತ್ತಾರೆ. ಇದಕ್ಕೆ ಗೌರವ ಎಂದು ಹೆಸರು.

ಕಿಮ್‌ಲಾಂಗ್‌ಗೂ ಅವತ್ತು ಆ ಗೌರವ ಸಿಕ್ಕಿತ್ತು. ಐವತ್ತೆಂಟರ ಹೆಂಗಸು, ಮೊಣಕಾಲು ನೋವು ಬೇರೆ. ಗಂಡ ತಾವೋನ್ ಕಾರು ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಒಬ್ಬಳೇ ಮಗಳು ಮುಕ್ದಾ ಫೋನು ಹಿಡಿದು ಒಂದೊಂದೇ ಹೋಟೆಲಿಗೆ ಕೇಳುತ್ತಿದ್ದಳು. ನದಿ ದಂಡೆಯ ಹೋಟೆಲಿನಲ್ಲಿ ಜಾಗವಿಲ್ಲ. ಬಾತುಕೋಳಿಗೆ ಹೆಸರಾದ ಹೋಟೆಲಿನಲ್ಲಿ ಎರಡು ಗಂಟೆಯವರೆಗೆ ಜಾಗವಿಲ್ಲ.

"ಅಗೋ, ಯೊಂಗ್ ಸೆಂಗ್!" ಎಂದು ಕಿಮ್‌ಲಾಂಗ್ ಕಿಟಕಿಯಿಂದ ಕೈ ತೋರಿಸಿದಳು. "ಥಾಯ್ ಊಟ, ಚೀನೀ ಊಟ ಎರಡೂ ಸಿಗುತ್ತೆ ಅಂತ ಬೋರ್ಡಲ್ಲೇ ಇದೆ. ನಿಮಗೆ ಖಾರ, ನನಗೆ ಸಪ್ಪೆ. ಇನ್ನೇನು ಬೇಕು?"

"ಅಲ್ಲಿ ಬೇಡ" ಎಂದು ಅಪ್ಪ ಮಗಳು ಒಟ್ಟಿಗೇ ಹೇಳಿದರು.

"ಯಾಕಂತೆ?"

"ಎಣ್ಣೆ ಜಾಸ್ತಿ" ಎಂದ ತಾವೋನ್.

"ಕಾರ್ ನಿಲ್ಸೋಕೆ ಜಾಗ ಇಲ್ಲ ಮಾ" ಎಂದಳು ಮುಕ್ದಾ.

ಅವಳ ಬಾಯಿಂದ ಮಾತು ಬೀಳುವುದಕ್ಕೂ ಹೋಟೆಲಿನ ಮುಂದಿದ್ದ ಒಂದು ಕಾರು ಹೊರಡುವುದಕ್ಕೂ ಸರಿಹೋಯಿತು.

"ನೀವ್ ಯಾವಾಗ ತಿಂದ್ರಿ ಅಲ್ಲಿ, ಎಣ್ಣೆ ಜಾಸ್ತಿ ಅನ್ನೋಕೆ?"

"ಯಾರೋ ಅಂದ್ರು."

"ಯಾರೋ ಅಂದಿದ್ದನ್ನೆಲ್ಲ ಕೇಳಿದ್ರೆ ನಾನು ನಿಮ್ಮನ್ನ ಕಟ್ಕೊಳ್ತಾನೇ ಇರ್ಲಿಲ್ಲ. ನಿಲ್ಸಿ ಹಿಯಾ, ನನ್ನ ಮಂಡಿ ಹಿಡ್ಕೊಂಡಿದೆ."

ಮೂವತ್ತು ವರ್ಷದಿಂದ ಅವಳು ಗಂಡನನ್ನು ಕರೆಯುವುದೇ ಹಾಗೆ. ಅಲ್ಲಿನ ಚೀನೀ ಮನೆತನಗಳಲ್ಲಿ ಹಿಯಾ ಎಂದರೆ ಅಣ್ಣ, ಚೇ ಎಂದರೆ ಅಕ್ಕ. ಗಂಡನೂ ಹಿಯಾ, ಅಂಗಡಿಗೆ ಬರುವ ಗಿರಾಕಿಯೂ ಹಿಯಾ. ತಾವೋನ್ ಗೊಣಗುತ್ತ ಕಾರು ನಿಲ್ಲಿಸಿದ. ಒಳಗೆ ಹೋದಾಗ ಮೂಲೆಯ ದುಂಡು ಮೇಜು ಖಾಲಿಯಾಗಿತ್ತು. ಅಪ್ಪನೂ ಮಗಳೂ ಅಡುಗೆಮನೆಯ ಬಾಗಿಲಿಗೆ ಬೆನ್ನು ಹಾಕಿ ಕೂತರು. ಕಿಮ್‌ಲಾಂಗ್ ಅದನ್ನೂ ಒಳ್ಳೆಯದೆಂದೇ ತಿಳಿದಳು: ಬರುವ ತಟ್ಟೆಗಳನ್ನು ಮೊದಲು ನೋಡುವ ಭಾಗ್ಯ ತನಗಿರಲಿ ಎಂದು ಬಿಟ್ಟುಕೊಟ್ಟಿದ್ದಾರೆ.

ಬಡಿಸುವ ಹೆಂಗಸು ಬಂದು ನಿಂತ ಕೂಡಲೇ ಕಿಮ್‌ಲಾಂಗ್ ತನ್ನ ಪ್ರಶ್ನೆ ಕೇಳಿದಳು. ಎಲ್ಲಿ ಹೋದರೂ ಅವಳ ಮೊದಲ ಪ್ರಶ್ನೆ ಅದೇ.

"ಇಲ್ಲಿ ದನದ ಮಾಂಸ ಮಾಡ್ತೀರಾ?"

"ಮಾಡ್ತೀವಿ ಚೇ. ನಮ್ಮಲ್ಲಿ ಅದೇ ಫೇಮಸ್ಸು. ತರ್ಲಾ?"

"ಅಯ್ಯೋ, ಬೇಡ. ಅದು ಮಾಡಿದ ಬಾಣಲೇಲಿ ನಮಗೆ ಮಾಡ್ಬೇಡಿ. ಸೌಟೂ ಬೇರೆ ಇರ್ಲಿ. ನಾವು ಕ್ವಾನ್ ಇಮ್ ತಾಯಿಗೆ ನಡ್ಕೊಳ್ಳೋರು. ನಾನು, ನಮ್ಮ ಹಿಯಾ, ಇಬ್ರೂ ಬಿಟ್ಟು ಇಪ್ಪತ್ತೆರಡು ವರ್ಷ ಆಯ್ತು. ಇಗೋ, ಇವಳಿಗೋಸ್ಕರ."

ಆ ಹೆಂಗಸು ತಾವೋನ್ ಕಡೆ ನೋಡಿದಳು. ತಾವೋನ್ ತಲೆ ಬಗ್ಗಿಸಿ ಮೆನು ಓದುತ್ತಿದ್ದ. ಅವನು ಓದುತ್ತಿದ್ದ ಪುಟದಲ್ಲಿ ಬರೀ ತಂಪು ಪಾನೀಯಗಳ ಹೆಸರಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಮುಕ್ದಾಗೆ ನಾಲ್ಕು ವರ್ಷ. ಡೆಂಗಿ ಜ್ವರ ಬಂದು, ಮೈಮೇಲೆ ಕೆಂಪು ಚುಕ್ಕೆ ಎದ್ದು, ವಸಡಿನಿಂದ ರಕ್ತ ಜಿನುಗತೊಡಗಿತ್ತು. ಡಾಕ್ಟರು "ಇನ್ನೊಂದು ದಿನ ನೋಡೋಣ" ಎಂದರು. ಆ ಮಾತಿನ ಅರ್ಥ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ನಡುಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಕ್ವಾನ್ ಇಮ್ ಗುಡಿಗೆ ಹೋಗಿ, ಗಂಡ ಹೆಂಡತಿ ಅಕ್ಕಪಕ್ಕ ಮಂಡಿಯೂರಿ, ಊದುಕಡ್ಡಿ ಹಿಡಿದು ಕೇಳಿಕೊಂಡರು. ಇವಳನ್ನು ಉಳಿಸಿಕೊಡು ತಾಯಿ, ನಾವಿಬ್ಬರೂ ಸಾಯುವ ತನಕ ದನದ ಮಾಂಸ ಮುಟ್ಟುವುದಿಲ್ಲ. ಆ ದೇವಿಯ ತಂದೆ ತಾನು ಮಾಡಿದ ಪಾಪಕ್ಕೆ ಎತ್ತಾಗಿ ಹುಟ್ಟಿದ್ದನಂತೆ. ಅವಳ ಭಕ್ತರಿಗೆ ಅದಕ್ಕೇ ದನ ಮುಟ್ಟುವ ಹಾಗಿಲ್ಲ. ಆಮೇಲೆ ಜೋಡಿ ಮರದ ತುಂಡುಗಳನ್ನು ನೆಲಕ್ಕೆ ಹಾಕಿದರು. ಒಂದು ಬೋರಲು, ಒಂದು ಅಂಗಾತ ಬಿತ್ತು. ಹಾಗೆ ಬಿದ್ದರೆ ತಾಯಿ ಒಪ್ಪಿದಳೆಂದು ಅರ್ಥ. ಮೂರನೆಯ ದಿನ ಮಗು ಗಂಜಿ ಕೇಳಿತು.

ಕಿಮ್‌ಲಾಂಗ್ ಡಾಕ್ಟರಿಗೂ ಕೈ ಮುಗಿದಳು. ಅವಳೇನು ದಡ್ಡಿಯಲ್ಲ. ಆದರೆ ತುಂಬಿದ ಹಂಡೆಯನ್ನು ಇಬ್ಬರು ಎರಡು ಕಡೆ ಹಿಡಿದ ಹಾಗೆ ಮಗಳ ಉಸಿರನ್ನು ತಾನೂ ಗಂಡನೂ ಹಿಡಿದಿದ್ದೇವೆ ಎಂಬ ಎಣಿಕೆ ಅವಳ ಮನಸ್ಸಿನಲ್ಲಿ ಅಂದೇ ಕೂತುಬಿಟ್ಟಿತು. ಒಬ್ಬರು ಕೈಬಿಟ್ಟರೂ ಆಯಿತು, ಕತೆ ಮುಗಿಯಿತು.

ಹರಕೆ ಇಬ್ಬರದೂ ಒಂದೇ, ಬಿಟ್ಟುಕೊಟ್ಟದ್ದು ಮಾತ್ರ ಒಂದೇ ಅಲ್ಲ. ಹಂದಿ, ಬಾತು, ಮೀನು ಇದ್ದರೆ ತಾವೋನ್‌ಗೆ ಬೇರೇನೂ ನೆನಪಾಗುತ್ತಿರಲಿಲ್ಲ. ಕಿಮ್‌ಲಾಂಗ್ ಹಾಗಲ್ಲ. ಅವಳ ಅಪ್ಪ ಗಡಿಯಾರ ಕಂಬದ ಬಳಿ ನಲವತ್ತು ವರ್ಷ ಗಾಡಿ ಇಟ್ಟುಕೊಂಡು ದನದ ಸಾರಿನ ಶಾವಿಗೆ ಮಾರಿದವನು. ಅವಳು ಹುಟ್ಟಿ ಬೆಳೆದದ್ದೇ ಆ ಸಾರಿನ ಆವಿಯಲ್ಲಿ. ಹರಕೆಯ ಮಾರನೇ ದಿನದಿಂದ ತವರಿನಲ್ಲಿ ಒಂದು ಲೋಟ ನೀರು ಕುಡಿಯುವಾಗಲೂ ಲೋಟ ಮೂಸಿ ನೋಡಿದಳು. ಅಪ್ಪ "ನನ್ನ ಕೈ ಅಷ್ಟು ಕೊಳಕಾಯ್ತಾ?" ಎಂದು ಒಂದು ಸಲ ಕೇಳಿದ. ಆಮೇಲೆ ಕೇಳುವುದನ್ನು ಬಿಟ್ಟ.

ಊಟ ಬಂತು. ಉಪ್ಪಿನ ಪ್ಲಮ್ ಹಾಕಿ ಹಬೆಯಲ್ಲಿ ಬೇಯಿಸಿದ ಇಡೀ ಮೀನು, ಹುಳಿ ಖಾರದ ತೋಮ್ ಯಮ್ ಸಾರು, ಬೆಳ್ಳುಳ್ಳಿ ಹಾಕಿ ಹುರಿದ ಬಳ್ಳಿಸೊಪ್ಪು, ಮೊಟ್ಟೆ ಶಾವಿಗೆ. ತಾವೋನ್ ಮೀನಿನ ಕೆನ್ನೆಯ ತುಂಡನ್ನು ನಾಜೂಕಾಗಿ ಬಿಡಿಸಿ ಹೆಂಡತಿಯ ತಟ್ಟೆಗೆ ಹಾಕಿದ. ಮನೆಯಲ್ಲಿ ಅತ್ಯುತ್ತಮ ತುಂಡು ಯಾವಾಗಲೂ ಅವಳಿಗೇ.

"ನೋಡಿದ್ರಾ, ಎಣ್ಣೇನೂ ಇಲ್ಲ ಏನೂ ಇಲ್ಲ" ಎಂದಳು ಕಿಮ್‌ಲಾಂಗ್. "ಇಷ್ಟ್ ಚೆನ್ನಾಗಿ ಮಾಡ್ತಾರೆ, ಇಷ್ಟ್ ವರ್ಷ ನಾವು ಬರ್ಲೇ ಇಲ್ವಲ್ಲ! ಮುಕ್, ಯಾಕೆ ತಿಂತಿಲ್ಲ ನೀನು?"

"ತಿಂತಿದೀನಲ್ಲ ಮಾ" ಎಂದಳು ಮಗಳು. ಇಪ್ಪತ್ತಾರರ ಹುಡುಗಿ, ಹಲ್ಲಿನ ಡಾಕ್ಟರ ಬಳಿ ಕೆಲಸ, ಮಾತಿನ ಮಲ್ಲಿ. ಅವತ್ತು ಮಾತೇ ಇಲ್ಲ. ಆದರೂ ಕಿಮ್‌ಲಾಂಗ್‌ಗೆ ಮನಸ್ಸು ತುಂಬಿ ಬಂದಿತ್ತು. ಎದುರಿಗೆ ಗಂಡ, ಅವನ ಪಕ್ಕದಲ್ಲಿ ಮಗಳು, ಇಬ್ಬರೂ ಗಟ್ಟಿಮುಟ್ಟಾಗಿ ಕೂತು ಉಣ್ಣುತ್ತಿದ್ದಾರೆ; ಹೆಣ್ಣಿಗೆ ಇನ್ನೇನು ಬೇಕು ಎಂದು ಅವಳು ನಿಜಕ್ಕೂ ಅಂದುಕೊಂಡಳು.

ಆಗ ಅಡುಗೆಮನೆಯ ಬಾಗಿಲಿನಿಂದ ಹೋಟೆಲಿನ ಒಡತಿ ಹೊರಗೆ ಬಂದಳು. ಚೇ ಲಿಯಾಂಗ್ ಎಂದರೆ ಊರಿಗೇ ಗೊತ್ತು. ದೊಡ್ಡ ಗಂಟಲು, ದೊಡ್ಡ ಮೈ. ಮುಖ ಮರೆತರೂ ಗಿರಾಕಿಯ ರುಚಿ ಮರೆಯುವವಳಲ್ಲ ಎಂಬುದು ಅವಳ ಹೆಮ್ಮೆ. ಕೈಯಲ್ಲಿ ಕುದಿಯುತ್ತಿದ್ದ ಒಂದು ಮಣ್ಣಿನ ಮಡಕೆ. ನೇರವಾಗಿ ಬಂದು ಅದನ್ನು ತಾವೋನ್ ಮುಂದೆ ಇಟ್ಟಳು.

"ಗುರುವಾರದ ಹಿಯಾ ಇವತ್ತು ದಾರಿ ತಪ್ಪಿ ಬಂದ್ಬಿಟ್ರಲ್ಲ!"

ಮುಚ್ಚಳ ತೆಗೆಯುವ ಮೊದಲೇ ಕಿಮ್‌ಲಾಂಗ್‌ಗೆ ವಾಸನೆ ಗೊತ್ತಾಯಿತು. ಚಕ್ಕೆ, ಮೊಗ್ಗು, ಗಂಟೆಗಟ್ಟಲೆ ಬೆಂದ ದನದ ಮಾಂಸ.

"ಇದು ನಮ್ಮದಲ್ಲ" ಎಂದ ತಾವೋನ್. ಅವನ ದನಿ ಅವನದಾಗಿರಲಿಲ್ಲ.

"ನಿಮ್ಮದಲ್ದೆ ಯಾರ್ದು ಹಿಯಾ? ಕೊಬ್ಬು ಬೇಡ, ನರ ಇರೋ ತುಂಡು ಬೇಕು, ಸೊಪ್ಪು ಜಾಸ್ತಿ. ಆರು ವರ್ಷದಿಂದ ಹಾಕ್ತಿದೀನಿ, ಮರೀತೀನಾ? ನೀವು ಇದನ್ನ ಕೇಳ್ಲಿಲ್ಲ ಅಂತ ಬಡಿಸೋಳು ಅಂದ್ಲು. ಆಸೋ ಮುಂದೆ ಸಂಕೋಚ ಅಂತ ನಾನೇ ತಂದೆ." ಅವಳು ಕಿಮ್‌ಲಾಂಗ್ ಕಡೆ ತಿರುಗಿ ಬಾಯ್ತುಂಬ ನಕ್ಕಳು. ಆಸೋ ಎಂದರೆ ಅತ್ತಿಗೆ. "ಆಸೋ, ಇದು ತಾಯಂದಿರ ದಿನಕ್ಕೆ ನನ್ನ ಕಡೆಯಿಂದ. ನಿಮ್ಮ ಯಜಮಾನ್ರು ಪ್ರತಿ ಸಲ ಅಂತಾರೆ, ನಮ್ಮ ಮಾವನ ಸಾರಿಗೆ ಇದೊಂದೇ ಹತ್ರ ಬರೋದು ಅಂತ. ಮಗಳಿಗಂತೂ ಅನ್ನಕ್ಕೆ ಈ ಸಾರು ಬೀಳ್ದಿದ್ರೆ ಊಟಾನೇ ಸೇರಲ್ಲ. ನೀವೂ ಒಂದ್ ಗುರುವಾರ ಬರ್ಬಾರ್ದಾ?"

ಚೇ ಲಿಯಾಂಗ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಡಿಸುವ ಹೆಂಗಸು ದೂರದಿಂದ ಕೈಸನ್ನೆ ಮಾಡುತ್ತಿದ್ದಳು. "ಬಿಸಿ ಇದೆ, ನಿಧಾನ" ಎಂದು ಹೇಳಿ ಚೇ ಲಿಯಾಂಗ್ ಹಿಂದೆ ಸರಿದಳು.

ಗುರುವಾರ ಸಂಜೆ ತಾವೋನ್ ತನ್ನ ನೀರಿನ ಪಂಪಿನ ಅಂಗಡಿ ಬೇಗ ಮುಚ್ಚಿ ಮಗಳನ್ನು ಕೆಲಸದಿಂದ ಕರೆತರುತ್ತಿದ್ದ. ಸೇತುವೆ ಮೇಲೆ ಗಾಡಿಗಳ ಸಾಲು ಎಂದು ಇಬ್ಬರೂ ಹೇಳುತ್ತಿದ್ದರು. ಊಟ ಬಡಿಸಿದರೆ ಗುಬ್ಬಿಯ ಹಾಗೆ ಕುಕ್ಕಿ ಏಳುತ್ತಿದ್ದರು. ಆರು ವರ್ಷ ಆ ಸೇತುವೆಯನ್ನು ಕಿಮ್‌ಲಾಂಗ್ ಬೈದದ್ದೇ ಬೈದದ್ದು.

"ನೀನೂನಾ?" ಎಂದು ಅವಳು ಮೊದಲು ಕೇಳಿದ್ದು ಮಗಳನ್ನು.

"ಮಾ, ಇಲ್ಲಿ ಬೇಡ, ಮನೆಗ್ ಹೋಗಿ..."

"ನೀನೂ ತಿಂತೀಯಾ?"

"ತಿಂತೀನಿ" ಎಂದಳು ಮುಕ್ದಾ. "ಮಾ, ನಾನು ಹರಕೆ ಮಾಡ್ಕೊಂಡಿರ್ಲಿಲ್ಲ ಅಲ್ವಾ? ನಾಲ್ಕು ವರ್ಷದ ಮಗು ನಾನು. ನಾನು ಬದುಕಿದ್ದು ಡಾಕ್ಟರಿಂದ. ಅದು ನಿಂಗೂ ಗೊತ್ತು."

ಕಿಮ್‌ಲಾಂಗ್ ಗಂಡನ ಕಡೆ ತಿರುಗಿದಳು. "ನೀವು ಯಾವಾಗಿಂದ?"

ತಾವೋನ್ ಬಟ್ಟೆಯಿಂದ ಬಾಯಿ ಒರೆಸಿಕೊಂಡ. ಒರೆಸುವಂಥದ್ದೇನೂ ಅಲ್ಲಿರಲಿಲ್ಲ. "ಒಂಬತ್ತು ವರ್ಷ" ಎಂದ. "ಮೊದಲ್ನೇ ಸಲ ನಿಮ್ಮಪ್ಪನ ಗಾಡೀಲೇ. ಯಾರೂ ಗಿರಾಕಿ ಇರ್ಲಿಲ್ಲ. ಮುದುಕ ಒಬ್ನೇ ಕೂತಿದ್ದ. ಮಗಳಂತೂ ತಿನ್ನಲ್ಲ, ನೀನಾದ್ರೂ ತಿನ್ನಪ್ಪ ಅಂತ ಬಟ್ಟಲು ಮುಂದೆ ಹಿಡಿದ. ಬೇಡ ಅನ್ನೋಕೆ ನನ್ನ ಕೈಲಿ ಆಗ್ಲಿಲ್ಲ."

"ಆಮೇಲೆ?"

"ಆಮೇಲೆ ಹೆದ್ರಿ ಮನೆಗ್ ಓಡಿ ಬಂದೆ. ಇವಳು ಟಿವಿ ನೋಡ್ತಾ ನಗ್ತಾ ಕೂತಿದ್ಲು. ಒಂದು ವಾರ ಕಾದೆ. ಏನೂ ಆಗ್ಲಿಲ್ಲ."

"ಒಂದು ವಾರ ಕಾದ್ರಿ."

"ಹೂಂ."

"ನನ್ನ ಮಗಳು ಸಾಯ್ತಾಳೋ ಇಲ್ವೋ ಅಂತ ಒಂದು ವಾರ ಕಾದು ನೋಡಿದ್ರಿ. ನಾನು ಪಕ್ಕದಲ್ಲೇ ಇದ್ದೆ. ಅನ್ನ ಬಡಿಸ್ತಿದ್ದೆ. ನನಗೆ ಹೇಳ್ದೆ ಕಾದ್ರಿ."

"ಹೇಳಿದ್ರೆ ನೀನು ಸತ್ತೇ ಹೋಗ್ತಿದ್ದೆ ಕಣೆ."

ಪಕ್ಕದ ಮೇಜಿನಲ್ಲಿ ಒಂದು ಸಂಸಾರ ಅಜ್ಜಿಯನ್ನು ನಡುವೆ ಕೂರಿಸಿ ಫೋಟೋ ತೆಗೆಯುತ್ತಿತ್ತು. ನಗಿ ಅಜ್ಜಿ, ನಗಿ ಎಂದು ಐದು ಜನ ಕೂಗುತ್ತಿದ್ದರು.

ಕಿಮ್‌ಲಾಂಗ್‌ಗೆ ಇನ್ನೊಂದು ಮಧ್ಯಾಹ್ನ ನೆನಪಾಯಿತು. ಅಪ್ಪ ಸತ್ತು ಮೂರು ವರ್ಷ. ಸಾಯುವ ನಾಲ್ಕು ದಿನ ಮೊದಲು ಗಾಡಿಯ ಹಳೇ ಕೆಲಸದವಳಿಗೆ ಹೇಳಿ ಒಂದು ಪಾತ್ರೆ ಸಾರು ಮಾಡಿಸಿ ಹಾಸಿಗೆಯ ಬಳಿ ತರಿಸಿಕೊಂಡಿದ್ದ. ಚಮಚದಲ್ಲಿ ತುಂಬಿ, ಮಗಳ ಬಾಯಿಯ ತನಕ ತಂದು, "ಒಂದೇ ಒಂದು ಗುಟುಕು. ಉಪ್ಪು ಸರಿ ಇದೆಯಾ ಹೇಳು" ಎಂದ. ಅವಳಿಗೆ ಕಣ್ಣು ಕತ್ತಲಿಟ್ಟಿತ್ತು. ಕುಡಿದುಬಿಡುತ್ತಿದ್ದಳೇನೋ. ಆಗ ಪಕ್ಕದಲ್ಲಿ ನಿಂತಿದ್ದ ತಾವೋನ್ ಬಗ್ಗಿ, ಮುದುಕನ ಕೈಯಿಂದ ಚಮಚ ತೆಗೆದುಕೊಂಡು, "ಬೇಡ ಮಾವ, ನಮ್ದು ಹರಕೆ ಇದೆಯಲ್ಲ" ಎಂದಿದ್ದ. ಎಷ್ಟು ಮೆತ್ತಗೆ ಹೇಳಿದ್ದ! ಗಂಡನ ನಿಷ್ಠೆ ನೋಡಿ ಅವಳಿಗೆ ತನ್ನ ಬಗ್ಗೆಯೇ ನಾಚಿಕೆಯಾಗಿತ್ತು. ಅಪ್ಪ ಅಳಿಯನ ಮುಖವನ್ನು ತುಂಬ ಹೊತ್ತು ನೋಡಿ, ಗೋಡೆಯ ಕಡೆ ಹೊರಳಿಕೊಂಡಿದ್ದ.

ಅವನ ಬಟ್ಟಲಿನಿಂದಲೇ ಉಂಡಿದ್ದ ಅಳಿಯ. ಮುದುಕನಿಗೆ ಗೊತ್ತಿತ್ತು. ಗೊತ್ತಿದ್ದೂ ಮಗಳ ಸಂಸಾರ ಒಡೆಯಬಾರದೆಂದು ಬಾಯಿ ಮುಚ್ಚಿಕೊಂಡು ಸತ್ತ.

"ಅವತ್ತು ನಮ್ಮಪ್ಪನ ಕೈಯಿಂದ ಚಮಚ ಕಿತ್ಕೊಂಡ್ರಲ್ಲ" ಎಂದಳು ಕಿಮ್‌ಲಾಂಗ್.

ತಾವೋನ್ ಮುಖ ಸುಣ್ಣವಾಯಿತು. ಇದೊಂದನ್ನು ಅವಳು ಜೋಡಿಸಲಾರಳು ಎಂದು ಅವನು ನಂಬಿಕೊಂಡಿದ್ದ ಎಂದು ತೋರುತ್ತದೆ.

"ಅವತ್ತೇನಾದ್ರೂ ಸುಮ್ನಿದ್ದಿದ್ರೆ ಆಮೇಲೆ ನೀನೇ ಕೊರಗ್ತಿದ್ದೆ" ಎಂದ. "ನಿನಗೋಸ್ಕರಾನೇ..."

"ನನಗೋಸ್ಕರ ಅನ್ಬೇಡಿ. ಇಬ್ರೂ ನನಗೋಸ್ಕರ ಅನ್ಬೇಡಿ. ನಿಮಗೆ ನಂಬಿಕೆ ಇಲ್ಲ, ಬಿಡಿ, ತಪ್ಪಲ್ಲ. ಕಿಮ್, ಇದೆಲ್ಲ ಸುಳ್ಳು ಕಣೆ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ಜಗಳ ಆಡ್ತಿದ್ದೆ, ಅಳ್ತಿದ್ದೆ. ಆಮೇಲೆ ನಮ್ಮಪ್ಪನ ಕೈಲಿ ಒಂದು ಗುಟುಕು ಕುಡೀತಿದ್ದೆನೋ ಏನೋ. ಅದನ್ನ ನಾನು ತೀರ್ಮಾನ ಮಾಡ್ಬೇಕಿತ್ತು. ನೀವಲ್ಲ." ಅವಳು ಮಡಕೆಯ ಕಡೆ ಕೈ ತೋರಿಸಿದಳು. "ಇನ್ನೊಬ್ಬಳನ್ನ ಇಟ್ಕೊಂಡಿದ್ರೆ ಅವಳ ಜುಟ್ಟಾದ್ರೂ ಹಿಡೀತಿದ್ದೆ. ಈ ಮಡಕೆ ಜೊತೆ ಏನಂತ ಜಗಳ ಆಡ್ಲಿ?"

ಮುಕ್ದಾ ಅಳುತ್ತಿದ್ದಳು. ಅಳುತ್ತಲೇ ಮಡಕೆಯನ್ನು ತಾಯಿಯ ಕಡೆ ತಳ್ಳಿ, ಒಂದು ಚಮಚ ಸಾರು ತೆಗೆದು ಕೈಗೆ ಕೊಟ್ಟಳು. "ಈಗ ಕುಡಿ ಮಾ. ತಾತನ ಸಾರಿನ ಹಾಗೇ ಇದೆ. ನೋಡು, ನಾನು ಇಲ್ಲೇ ಇದೀನಿ, ಬದುಕಿದೀನಿ. ಏನೂ ಆಗಲ್ಲ. ಕುಡಿದ್ಬಿಡು, ಮುಗಿದು ಹೋಗ್ಲಿ."

ಕಿಮ್‌ಲಾಂಗ್ ಚಮಚ ಹಿಡಿದಳು. ಬಾಯಿಯಲ್ಲಿ ನೀರೂರಿತು, ಅದಕ್ಕಾಗಿ ತನ್ನನ್ನೇ ಶಪಿಸಿಕೊಂಡಳು. ತುಟಿಯ ತನಕ ತಂದಳು. ಅಲ್ಲಿಂದ ಕಣ್ಣೆತ್ತಿದರೆ ಎದುರಿಗೆ ಮಗಳ ಕತ್ತು. ಅಳುವಿನಿಂದ ಉಬ್ಬಿದ ಒಂದು ನರ ಅಲ್ಲಿ ಟಪಟಪ ಹೊಡೆದುಕೊಳ್ಳುತ್ತಿತ್ತು. ಇವರಿಬ್ಬರೂ ಹೇಳುವುದು ನಿಜವೇ ಇರಬಹುದು. ನೂರಕ್ಕೆ ತೊಂಬತ್ತೊಂಬತ್ತು ಪಾಲು ನಿಜ. ಉಳಿದ ಒಂದು ಪಾಲಿನ ಮೇಲೆ ಕೂತು ತಾಯಿಯಾದವಳು ಸಾರು ಕುಡಿಯುವುದು ಹೇಗೆ? ಒಂಬತ್ತು ವರ್ಷ ತಾನೊಬ್ಬಳೇ ಹಿಡಿದು ನಿಂತಿದ್ದಕ್ಕೇ ಈ ನರ ಹೊಡೆದುಕೊಳ್ಳುತ್ತಿರಬಹುದಲ್ಲ? ನಂಬದವರಿಗೆ ಬಿಡುಗಡೆ ಸುಲಭ. ಅವರು ಬಿಟ್ಟು ಹೋದದ್ದೂ ನಂಬಿದವಳ ತಲೆಗೇ ಬರುತ್ತದೆ.

ಅವಳು ಚಮಚವನ್ನು ಮಡಕೆಗೆ ವಾಪಸು ಹಾಕಿದಳು. ಚೇ ಲಿಯಾಂಗಳನ್ನು ಕರೆದಳು.

"ಒಂದು ತೊಳೆದ ತಟ್ಟೇಲಿ ಬರೀ ಅನ್ನ ಕೊಡ್ತೀರಾ? ಯಾವ ಸಾರೂ ತಾಗ್ದೇ ಇರೋದು. ಸೊಪ್ಪೂ ಬೇಡ, ಅದಕ್ಕೆ ಬೆಳ್ಳುಳ್ಳಿ ಹಾಕಿದೀರಿ. ಇವತ್ತಿಂದ ನನಗೆ ಮೀನೂ ಇಲ್ಲ, ಮೊಟ್ಟೇನೂ ಇಲ್ಲ."

"ತಪ್ಪಾಯ್ತು ಆಸೋ" ಎಂದಳು ಚೇ ಲಿಯಾಂಗ್. ಅವಳ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ. "ನನಗೆ ಗೊತ್ತಿರ್ಲಿಲ್ಲ."

"ನಿಮ್ಮದೇನೂ ತಪ್ಪಿಲ್ಲ. ನೀವೊಬ್ರೇ ನನಗೆ ನಿಜ ಹೇಳಿದ್ದು."

ಅನ್ನ ಬಂತು. ತಾವೋನ್ ಮೇಜಿನ ಮೇಲೆ ಕೈ ಚಾಚಿದ. "ಕಿಮ್, ಹೀಗೆಲ್ಲ ಮಾಡ್ಬೇಡ. ಈ ವಯಸ್ಸಲ್ಲಿ ಬರೀ ಅನ್ನ ತಿಂದ್ರೆ ಮೈಗಾಗುತ್ತಾ? ನಾನೇ ಬಿಡ್ತೀನಿ. ಇವತ್ತಿಂದ ಮತ್ತೆ ಬಿಡ್ತೀನಿ, ತಾಯಾಣೆಗೂ."

"ಆಣೆ!" ಕಿಮ್‌ಲಾಂಗ್ ನಕ್ಕಳು. ಪಕ್ಕದ ಮೇಜಿನ ಅಜ್ಜಿ ತಿರುಗಿ ನೋಡುವಂಥ ನಗು ಅದು. "ನಿಮ್ಮ ಆಣೆ ತಗೊಂಡು ಉಪ್ಪಿನಕಾಯಿ ಹಾಕ್ಲಾ? ನಿಮ್ಮ ಪಾಲಿನದೂ ಇನ್ಮೇಲೆ ನಾನೇ ಹೊರ್ತೀನಿ. ನೀವು ಏನು ಬೇಕೋ ತಿನ್ನಿ, ಎಲ್ಲಿ ಬೇಕೋ ತಿನ್ನಿ. ಒಂದೇ ಒಂದು ಕೇಳ್ತೀನಿ. ಇನ್ಮೇಲೆ ನನ್ನ ಜೊತೆ ಊಟಕ್ಕೆ ಕೂರಬೇಡಿ."

"ಕಿಮ್..."

"ಏಳಿ ಹಿಯಾ. ನಾನು ಊಟ ಮಾಡ್ಬೇಕು."

ತಾವೋನ್ ಎದ್ದ. ಹೋಟೆಲಿನಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ತಟ್ಟೆ ಹಿಡಿದುಕೊಂಡು ತಂಪು ಪಾನೀಯದ ಪೆಟ್ಟಿಗೆಯ ಪಕ್ಕ ಹೋಗಿ ನಿಂತ. ಜಾಗ ಕಾಯುತ್ತಿದ್ದ ಒಂದು ಸಂಸಾರ, ಅವನೂ ಸಾಲಿನಲ್ಲಿದ್ದಾನೆಂದು ತಿಳಿದು, ಅವನ ಹಿಂದೆ ಬಂದು ನಿಂತಿತು.

"ನಾನೂ ಏಳ್ಲಾ ಮಾ?" ಎಂದು ಮುಕ್ದಾ ಕೇಳಿದಳು. ಆರು ವರ್ಷ ಸುಳ್ಳು ಹೇಳಿದ ಬಾಯಿ ಅದೇ, ನಾಲ್ಕು ವರ್ಷದವಳ ಹಾಗೆ ನಡುಗುತ್ತಿತ್ತು.

ಕಿಮ್‌ಲಾಂಗ್ ಒಣ ಅನ್ನವನ್ನು ಚಮಚದಲ್ಲಿ ತೆಗೆದುಕೊಂಡಳು.

"ನೀನು ಕೂತು ತಿನ್ನು" ಎಂದಳು. "ನೀನು ಬದುಕಿರೋದು ನನಗೆ ಬೇಕು. ನಿನ್ನ ಮಾತು ಬೇಡ, ಅಷ್ಟೇ."